ಕೋವಿಯ ಪಕ್ಕದಲ್ಲೊಬ್ಬರು ಬೇಕು

ಬೊಂಬಾಯಿಯ ವಿಲೆ ಪಾರ್ಲೆ ಪೂರ್ವದಲ್ಲಿ ನೆಲೆಸಿರುವ ಕೊಡಗಿನ ಗೆಳೆಯರೊಬ್ಬರು ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಹತ್ತಿರವಾದಾಗ ಗೊಣಗುತ್ತಾರೆ: "ಫ್ರಿಜ್ಜೇ ಮನೆ ಬಾಗಿಲಿಗೆ ಬರ್ತದೆ ಮಾರಾಯ್ರೆ, ಅಜ್ಜನ ಕೋವಿ ತರ್ಲಿಕ್ಕೆ ಮಾತ್ರ ನಾನೇ ಮಡಿಕೇರಿಗೆ ಹೋಗ್ಬೇಕಾ?" ಹೋಗಲೇಬೇಕು, ಕೋವಿ ಪಾರ್ಸೆಲ್ಲಿನಲ್ಲಿ ಬರಬಾರದು ಎನ್ನುತ್ತೇನೆ ನಾನು.

ಅವರ ದೂರು ಹಗುರವಾದದ್ದಲ್ಲ. 1861ರಿಂದ ಕೊಡವರಿಗೆ ಕೋವಿ ಲೈಸೆನ್ಸಿನ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆಯುಧಕ್ಕೆ ಹೂವಿಟ್ಟು ಪೂಜಿಸುವವರನ್ನು ಕಳ್ಳಸಾಗಣೆದಾರರ ಸಾಲಿಗೆ ಸೇರಿಸುವುದು ಅನ್ಯಾಯವೇ. ನಿಯಮದ ಕಾಟವೆಲ್ಲ ಪಾಲಿಸುವವರಿಗೇ ಎಂಬ ಮಾತೂ ಸುಳ್ಳಲ್ಲ.

ಪಾರ್ಲೆಯ ಮಗ್ಗುಲಿನ ವಿಮಾನ ನಿಲ್ದಾಣವೇ ಅದಕ್ಕೆ ಸಾಕ್ಷಿ. 1995ರ ಡಿಸೆಂಬರ್ 17ರ ರಾತ್ರಿ ಆಂಟೊನೊವ್ ವಿಮಾನವೊಂದು ಪಶ್ಚಿಮ ಬಂಗಾಳದ ಪುರುಲಿಯಾದ ಹಳ್ಳಿಗಳ ಮೇಲೆ ನೂರಾರು ಎಕೆ-47 ರೈಫಲ್, ಲಕ್ಷಗಟ್ಟಲೆ ಗುಂಡು ಸುರಿದು ಹೋಯಿತು. ಬಲ್ಗೇರಿಯಾದಲ್ಲಿ ಕೊಂಡ ಮಾಲು; ಕಾಗದದ ಪ್ರಕಾರ ಬಾಂಗ್ಲಾದೇಶಕ್ಕೆ ಹೋಗಬೇಕಾದದ್ದು. ಕೆಲವೇ ದಿನಗಳಲ್ಲಿ ಅದೇ ವಿಮಾನ ಮತ್ತೆ ನಮ್ಮ ಆಕಾಶಕ್ಕೆ ಬಂದಾಗ ವಾಯುಪಡೆ ಅದನ್ನು ಬೊಂಬಾಯಿಯಲ್ಲಿ ಇಳಿಸಿತು. ಬ್ರಿಟಿಷ್ ವ್ಯಾಪಾರಿ ಪೀಟರ್ ಬ್ಲೀಚ್ ಸಿಕ್ಕ, ಲಾಟ್ವಿಯಾದ ಐವರು ಸಿಬ್ಬಂದಿ ಸಿಕ್ಕರು. ಕಿಮ್ ಡೇವಿ ಎಂಬ ಸುಳ್ಳು ಹೆಸರಿನ ಡೆನ್ಮಾರ್ಕಿನವನು ಮಾತ್ರ ನಿಲ್ದಾಣದಿಂದಲೇ ಮಾಯವಾದ! ಕಾಗದ ಯಾರನ್ನೂ ತಡೆಯಲಿಲ್ಲ, ಒಪ್ಪಿದೆ. ಆದರೆ ಸಾಮಾನಿನ ಜೊತೆ ಮನುಷ್ಯರಿದ್ದರು, ಅದಕ್ಕೇ ಆರು ಜನ ಉತ್ತರ ಹೇಳಬೇಕಾಯಿತು.

ಪಾರ್ಸೆಲ್ಲಿನಲ್ಲಿ ಎಲ್ಲರೂ ಕಿಮ್ ಡೇವಿಯೇ ಆಗಬಹುದು. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯನ್ನು ಕೊಂದ ರೈಫಲನ್ನು ಹಂತಕ ಆಸ್ವಾಲ್ಡ್ "ಎ. ಹೈಡೆಲ್" ಎಂಬ ಕಳ್ಳಹೆಸರಿನಲ್ಲಿ ಡಲ್ಲಾಸಿನ ಅಂಚೆಪೆಟ್ಟಿಗೆಗೆ ತರಿಸಿಕೊಂಡಿದ್ದ, ಅಂಥ ಮಾರಾಟಕ್ಕೆ ಅಮೆರಿಕ ತಡೆ ಹಾಕಿದ್ದು 1968ರಲ್ಲಿ. 2018ರಲ್ಲಿ ಒಡಿಶಾದ ಪಟ್ನಾಗಢಕ್ಕೆ ಮದುವೆ ಉಡುಗೊರೆಯ ವೇಷದಲ್ಲಿ ಕೊರಿಯರಿನಲ್ಲಿ ಬಂದ ಬಾಂಬು ಮದುಮಗನನ್ನೂ ಮನೆಯ ಅಜ್ಜಿಯೊಬ್ಬರನ್ನೂ ಬಲಿ ತೆಗೆದುಕೊಂಡಿತು. ರಾಯಪುರದಲ್ಲಿ ಅದನ್ನು ಕೊಟ್ಟುಹೋದವನು ಬರೆಸಿದ್ದೂ ಸುಳ್ಳು ಹೆಸರೇ.

ಸ್ಕ್ಯಾನ್ ಮಾಡಿದರಾಯಿತಲ್ಲ ಎನ್ನುವವರಿಗೆ: ಸ್ಕ್ಯಾನರಿಗೆ ಕೋವಿ ಕಾಣುತ್ತದೆ, ಕಳಿಸಿದವನು ಕಾಣುವುದಿಲ್ಲ.

ಕೊಡವರ ವಿನಾಯಿತಿಯೂ ಕೋವಿಗೆ ಸಿಕ್ಕಿದ್ದಲ್ಲ, ಹಿಡಿದವರಿಗೆ ಸಿಕ್ಕಿದ್ದು. ಹಾಗಾಗಿ ಗೆಳೆಯರಿಗೆ ಟಿಕೆಟ್ಟಿನ ಖರ್ಚು ತಪ್ಪದು. ಇಲ್ಲಿನ ಪಾರ್ಸೆಲ್ಲುಗಳ ಗತಿ ಅವರಿಗೂ ಗೊತ್ತು. ಅಜ್ಜನ ಕೋವಿಯನ್ನು ಕೊರಿಯರ್ ಹುಡುಗ ಸೊಸೈಟಿ ಗೇಟಿನ ವಾಚ್‌ಮನ್ ಮೇಜಿನ ಮೇಲಿಟ್ಟು, ಫೋಟೋ ಹೊಡೆದುಕೊಂಡು ಹೋದ ಹಾಗೆ ಊಹಿಸಿಕೊಳ್ಳಿ ಎಂದೆ. ನಕ್ಕರು, ಆಮೇಲೆ ರೈಲಿನ ವೇಳಾಪಟ್ಟಿ ನೋಡತೊಡಗಿದರು.