ನೆಲ ನಿಜವಾಗಿಯೂ ಡೊಂಕು

ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆಯನ್ನು ತರಗತಿಯಲ್ಲಿ ನಾನು ಎಷ್ಟು ಬಾರಿ ಉದಾಹರಿಸಿದ್ದೇನೆಯೋ ಲೆಕ್ಕವಿಲ್ಲ. ಕುಣಿಯಲಾರದವಳ ಮಾತು ಹಾಗಿರಲಿ. ಕುಣಿಯಬಾರದ ವಸ್ತುವೊಂದು ಕುಣಿಯತೊಡಗಿದಾಗ ನೆಲವನ್ನೂ ಒಮ್ಮೆ ಪರೀಕ್ಷಿಸುವುದು ಲೇಸೆಂಬ ಅರಿವು ನನಗೆ ಬಂದದ್ದು ತೀರ ಈಚೆಗೆ, ನಮ್ಮ ಮನೆಯ ಬಟ್ಟೆ ಒಗೆಯುವ ಯಂತ್ರದ ದೆಸೆಯಿಂದ.

ಜೂನ್ ತಿಂಗಳಲ್ಲಿ ನನಗೆ ಹಾಸನದಿಂದ ಮೈಸೂರಿಗೆ ವರ್ಗವಾಯಿತು. ಪಾತ್ರೆಪಡಗ, ಪುಸ್ತಕಗಳೊಡನೆ ಯಂತ್ರವೂ ಲಾರಿಯೇರಿ ಬಂದಿತು. ಹಾಸನದಲ್ಲಿ ನಾಲ್ಕು ವರ್ಷ ಸಾಧುವಾಗಿ ದುಡಿದ ಅದು ಮೈಸೂರಿನ ನೀರು ಕುಡಿದೊಡನೆಯೇ ಬೇರೆಯ ಪ್ರಾಣಿಯಾಯಿತು. ಒಗೆಯುವಷ್ಟು ಹೊತ್ತು ಸುಮ್ಮನಿರುವುದು. ಕೊನೆಯಲ್ಲಿ ನೀರು ಹಿಂಡಲೆಂದು ಡ್ರಮ್ಮು ವೇಗವಾಗಿ ಸುತ್ತತೊಡಗಿತೆಂದರೆ ಮೈಯೆಲ್ಲ ನಡುಗಿ, ಗುಡುಗಿ, ಗೋಡೆಯಿಂದ ಒಂದು ಗೇಣು ಮುಂದಕ್ಕೆ ನಡೆದುಬರುವುದು. ಕೆಳಗಿನ ಮನೆಯವರು ಬಲು ಸಂಭಾವಿತರು. "ಮೇಲೆ ಏನಾದರೂ ಕುಟ್ಟುತ್ತಿದ್ದೀರಾ?" ಎಂದು ಎರಡು ಬಾರಿ ನಯವಾಗಿ ಕೇಳಿದರು. ಮೂರನೆಯ ಬಾರಿ ಕೇಳಲೇ ಇಲ್ಲ. ನನಗೆ ಅದರಿಂದಲೇ ಹೆಚ್ಚು ಅಂಜಿಕೆಯಾಯಿತು.

ಅಂಜಿದರೂ ನಾನು ಮಾಡಿದ್ದೇನೂ ಇಲ್ಲ. ಹಳೆಯ ರಟ್ಟಿನ ಪೆಟ್ಟಿಗೆಯೊಂದನ್ನು ಹರಿದು, ಮಡಿಸಿ, ಯಂತ್ರದ ಒಂದು ಕಾಲಿನ ಕೆಳಗೆ ತುರುಕಿದೆ. ಒಂದು ವಾರದಲ್ಲಿ ಅದು ನೀರಿಗೆ ನೆನೆದು ಹುಳಿಹಿಟ್ಟಿನಂತಾಯಿತು. ರಿಪೇರಿಯವನಿಗೆ ದೂರವಾಣಿ ಮಾಡಿದರೆ ಅವನು ರೋಗಿಯ ಮುಖವನ್ನೂ ನೋಡದೆ, "ಷಾಕ್ ಅಬ್ಸಾರ್ಬರ್ ಹೋಗಿದೆ ಸಾರ್, ನಾಲ್ಕೈದು ಸಾವಿರ ಆಗುತ್ತೆ" ಎಂದ. ಮುಂದಿನ ತಿಂಗಳು ನೋಡೋಣವೆಂದುಕೊಂಡೆ. ಹೀಗೆ ನಾಲ್ಕು ತಿಂಗಳು ಕಳೆದುವು.

ಒಂದು ಗುರುವಾರ ಮಧ್ಯಾಹ್ನದ ತರಗತಿ ನಡೆಯದೆ ಬೇಗನೆ ಮನೆಗೆ ಬಂದೆ. ಅಡುಗೆಮನೆಯ ಹಿಂದೆ ಗುಡುಗು ಎದ್ದಿತ್ತು. ಹೋಗಿ ನೋಡಿದರೆ ಅಮ್ಮ, ಎಪ್ಪತ್ತೊಂದು ವರ್ಷದ ಅಮ್ಮ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡು ಕೈಗಳಿಂದಲೂ ಯಂತ್ರವನ್ನು ತಬ್ಬಿ, ಅದರ ಮೇಲೆ ಎದೆಯೂರಿ ನಿಂತಿದ್ದಾಳೆ. ಯಂತ್ರದೊಡನೆ ಅವಳೂ ಅದುರುತ್ತಿದ್ದಾಳೆ.

"ಬಿಟ್ಟರೆ ನಡೆದುಬಿಡತ್ತೆ ಕಣೋ. ಹತ್ತು ನಿಮಿಷ ಹಿಡಿದುಕೊಂಡರೆ ತಾನೇ ಸುಮ್ಮನಾಗತ್ತೆ" ಎಂದಳು.

ನಾಲ್ಕು ವರ್ಷಗಳ ಹಿಂದೆ ಹಾಸನದ ಮನೆಯಲ್ಲಿ ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದು ಅವಳ ಬಲ ಮಣಿಕಟ್ಟು ಮುರಿದಿತ್ತು. ಆ ಕೈಗಾಗಿಯೇ ನಾವು ಯಂತ್ರವನ್ನು ಕೊಂಡದ್ದು. ಮೈಸೂರಿಗೆ ಬಂದಮೇಲೆ ಕೈ ಮತ್ತೆ ನೋಯುತ್ತದೆಂದು ಅವಳು ಹೇಳಿದಾಗ ನಾನು ಹವೆಯ ಮೇಲೆ ತಪ್ಪು ಹೊರಿಸಿ ಒಂದು ಸೀಸೆ ಎಣ್ಣೆ ತಂದುಕೊಟ್ಟಿದ್ದೆ. ನನ್ನಾಕೆಯೂ ಶಾಲೆಗೆ ಹೋಗುವವಳು. ಅವಳಿಗೂ ಇದು ತಿಳಿದಿರಲಿಲ್ಲ. ಆ ರಾತ್ರಿ ನಾವಿಬ್ಬರೂ ಹೆಚ್ಚು ಮಾತನಾಡಲಿಲ್ಲ.

ಭಾನುವಾರ ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಮಿತ್ರರನ್ನು ಕರೆತಂದೆ. ಅವರು ಮೊದಲು ಕೇಳಿದ್ದು ಕಾಫಿ. ಅನಂತರ ಒಂದು ಕಾಗದ. ಡ್ರಮ್ಮು ನಿಮಿಷಕ್ಕೆ 1000 ಸುತ್ತು ತಿರುಗುವಾಗ, ನಡುವಿನಿಂದ 25 ಸೆಂಟಿಮೀಟರ್ ದೂರದಲ್ಲಿ ಒದ್ದೆಬಟ್ಟೆ ಒಂದು ಕಡೆಗೆ ಅರ್ಧ ಕಿಲೋ ಹೆಚ್ಚಾಗಿ ಮುದ್ದೆಗಟ್ಟಿದರೆ ಸಾಕು, ಅದು ಹೊರಕ್ಕೆ ಜಗ್ಗುವ ಬಲ ಸುಮಾರು 140 ಕಿಲೋ ತೂಕಕ್ಕೆ ಸಮನಂತೆ. ಆ ಜಗ್ಗಾಟವಾದರೂ ಸೆಕೆಂಡಿಗೆ ಹದಿನಾರಕ್ಕೂ ಹೆಚ್ಚು ಬಾರಿ ಸುತ್ತಲೂ ದಿಕ್ಕು ಬದಲಿಸುತ್ತದೆ. ವೇಗವನ್ನು ಅರ್ಧಕ್ಕಿಳಿಸಿದರೆ ಬಲ ಕಾಲುಭಾಗಕ್ಕೆ ಇಳಿಯುತ್ತದೆ. "ಇದನ್ನು ನಿಮ್ಮ ತಾಯಿ ಹಿಡಿದು ನಿಲ್ಲಿಸುತ್ತಿದ್ದರೆ?" ಎಂದು ಅವರು ಕಾಗದವನ್ನು ಮಡಿಸಿಟ್ಟರು. ನಾನು ಉತ್ತರ ಕೊಡಲಿಲ್ಲ.

ಮೊದಲು ಪ್ಲಗ್ಗನ್ನು ಕಿತ್ತು, ಒಳಗಿನ ಬಟ್ಟೆಗಳನ್ನು ತೆಗೆದೆವು. ಮಿತ್ರರು ಯಂತ್ರದ ತಲೆಯನ್ನು ಮೂಲೆಯಿಂದ ಮೂಲೆಗೆ ಒತ್ತಿದರು. ಎದುರುಬದುರಿನ ಎರಡು ಮೂಲೆಗಳನ್ನು ಒತ್ತಿದಾಗ ಅದು ಟಕ್ಕೆಂದು ಕುಂಟಿತು. ಮೂರು ಗುಂಡಿನ ಒಲೆ ಎಂಥ ಒರಟು ನೆಲದ ಮೇಲೂ ಕುಂಟುವುದಿಲ್ಲ. ನಾಲ್ಕನೆಯ ಕಾಲು ಬಂದೊಡನೆ ಕುಂಟು ಬಂತೆಂದೇ ತಿಳಿಯಬೇಕು. ನಮ್ಮ ನೆಲವಂತೂ ನಿಜವಾಗಿಯೂ ಡೊಂಕು. ಒಗೆಯುವ ಜಾಗದಲ್ಲಿ ನೀರು ಹರಿದುಹೋಗಲೆಂದು ಗಾರೆಯವರು ವಾಟ ಕೊಟ್ಟಿರುತ್ತಾರಷ್ಟೆ; ಅದು ಅವರ ತಪ್ಪಲ್ಲ.

ಪಕ್ಕದ ಬೀದಿಯಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿಯಿಂದ ಗಾಳಿಗುಳ್ಳೆಯ ಮಟ್ಟಗೋಲನ್ನು ಬೇಡಿ ತಂದೆ. ಅವನು ಅದನ್ನು ರಸಮಟ್ಟ ಎಂದು ಕರೆದ. ಹತ್ತು ವರ್ಷಗಳಿಂದ ರಸಸಿದ್ಧಾಂತವನ್ನು ಪಾಠ ಹೇಳುತ್ತಿರುವ ನನಗೆ ರಸಕ್ಕೊಂದು ಮಟ್ಟವೂ, ಅದನ್ನು ಕಂಕುಳಲ್ಲಿ ಇರುಕಿಕೊಂಡು ಬರಬಹುದಾದ ಸಾಧನವೂ ಉಂಟೆಂದು ಅಂದೇ ತಿಳಿಯಿತು.

ಯಂತ್ರದ ಕಾಲುಗಳು ತಿರುಪಿನವು. ತಿರುಗಿಸಿ ಎತ್ತರವನ್ನು ಹೆಚ್ಚುಕಡಮೆ ಮಾಡಬಹುದು. ಒಂದೊಂದು ಕಾಲಿಗೂ ಬಿಗಿನಟ್ಟೊಂದಿದೆ. ಅದನ್ನು ಸಡಿಲಿಸಿ, ತಗ್ಗಾದ ಕಡೆಯ ಕಾಲನ್ನು ಬೇಕಾದಷ್ಟೇ ಹೊರಕ್ಕೆ ತಿರುಗಿಸಿದೆವು. ಕಾಲು ಉದ್ದವಾದಷ್ಟೂ ನಡುಕ ಹೆಚ್ಚು, ಆದುದರಿಂದ ಉಳಿದವನ್ನು ಆದಷ್ಟು ಒಳಗೇ ಇರಿಸಿದೆವು. ಅಡ್ಡಲಾಗಿ ಒಮ್ಮೆ, ಹಿಂದುಮುಂದಾಗಿ ಒಮ್ಮೆ ರಸಮಟ್ಟವಿಟ್ಟು, ಗುಳ್ಳೆ ನಡುಗೆರೆಗಳೊಳಗೆ ನಿಂತಮೇಲೆ ನಟ್ಟನ್ನು ಮೇಲಕ್ಕೆ ತಂದು ಯಂತ್ರದ ತಳಕ್ಕೆ ಒತ್ತಿ ಬಿಗಿದೆವು. ಇದನ್ನು ಮರೆತರೆ ಒಂದೇ ವಾರದಲ್ಲಿ ಕಾಲು ತಾನೇ ತಿರುಗಿ ಎಲ್ಲವೂ ಮೊದಲಿನಂತಾಗುತ್ತದೆ. ಮತ್ತೊಂದು ಮಾತು: ಒಳಗೆ ಕಾಂಕ್ರೀಟಿನ ಭಾರ ಕೂಡಿಸಿರುವುದರಿಂದ ಇಂಥ ಯಂತ್ರ 60-70 ಕಿಲೋ ತೂಗುತ್ತದೆ. ಒಬ್ಬರೇ ಎತ್ತಲೂ ಬಾರದು, ಎತ್ತಿದಾಗ ಕೆಳಗೆ ಕೈಯಿಡಲೂ ಬಾರದು. ಗಾಲಿಯ ಪೀಠದ ಮೇಲೆ ಇದನ್ನು ಕೂಡಿಸುವವರೂ ಉಂಟು. ಕುದುರೆಗೆ ಚಕ್ರ ಕಟ್ಟಿದ ಹಾಗೆ.

ಚಾಲೂ ಮಾಡಿದೆವು. ಕುಂಟು ಹೋಗಿತ್ತು, ಗುಡುಗು ಹೋಗಿರಲಿಲ್ಲ.

ಮಿತ್ರರು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, "ಸಾಗಣೆಯ ಬೋಲ್ಟುಗಳೆಲ್ಲಿ?" ಎಂದರು. ನಾನು ಹೆಮ್ಮೆಯಿಂದಲೇ ಎದ್ದೆ. ಕೊಂಡ ದಿನ ತೆಗೆದ ಆ ನಾಲ್ಕು ಉದ್ದನೆಯ ಬೋಲ್ಟುಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿ, ಚೀಟಿ ಬರೆದು, ಜೋಪಾನವಾಗಿ ಇರಿಸಿದವನು ನಾನು. ತಂದು ಅವರೆದುರು ಸುರಿದೆ. ಉರುಳಿದ್ದು ಬೋಲ್ಟುಗಳಲ್ಲ, ಬೋಲ್ಟಿನ ರಂಧ್ರಗಳನ್ನು ಮುಚ್ಚುವ ನಾಲ್ಕು ಪ್ಲಾಸ್ಟಿಕ್ ಬಿರಡೆಗಳು.

ಹಾಸನದಿಂದ ಹೊರಡುವ ದಿನ ಯಂತ್ರಕ್ಕೆ ಅಪಾಯವಾಗದಿರಲೆಂದು ಆ ಬೋಲ್ಟುಗಳನ್ನು ನಾನೇ ಹಾಕಿದ್ದೆ. ತೆಗೆಯುವುದನ್ನು ಮರೆತಿದ್ದೆ. ಡ್ರಮ್ಮು ಸ್ಪ್ರಿಂಗುಗಳಿಂದ ತೊಟ್ಟಿಲಿನಂತೆ ತೂಗಿಕೊಂಡು, ತನ್ನ ಎಳೆದಾಟವನ್ನೆಲ್ಲ ತನ್ನಲ್ಲಿಯೇ ನುಂಗಿಕೊಳ್ಳುತ್ತದೆ. ದಾರಿಯಲ್ಲಿ ತೊಟ್ಟಿಲು ಹೊಯ್ದಾಡಿ ಒಡೆಯದಿರಲೆಂದು ಅದನ್ನು ಬೋಲ್ಟುಗಳಿಂದ ಮೈಗೆ ಬಂಧಿಸುತ್ತಾರೆ. ಬಂಧನ ಬಿಚ್ಚದೆ ಓಡಿಸಿದರೆ ಸ್ಪ್ರಿಂಗು ಇದ್ದೂ ಇಲ್ಲದಂತೆ. ಹೊಡೆತವೆಲ್ಲ ಮೈಗೆ, ಮೈಯಿಂದ ನೆಲಕ್ಕೆ, ನಮ್ಮ ಮನೆಯಲ್ಲಾದರೆ ಅಮ್ಮನ ಕೈಗೆ. ನಾಲ್ಕು ತಿಂಗಳಲ್ಲಿ ಒಳಗೇನೂ ಮುರಿಯದಿದ್ದುದು ನಮ್ಮ ಪುಣ್ಯ.

ಹಿಂಬದಿಯಿಂದ ಸ್ಪ್ಯಾನರಿನಲ್ಲಿ ನಾಲ್ಕನ್ನೂ ಬಿಚ್ಚಿ, ಬಿರಡೆ ಜಡಿದು ಮುಗಿಸಲು ಕಾಲುಗಂಟೆಯೂ ಬೇಕಾಗಲಿಲ್ಲ. ಬೋಲ್ಟುಗಳು ಚೀಲ ಸೇರಿದುವು. ಚೀಟಿಯನ್ನು ಈ ಸಲ ನನ್ನಾಕೆ ಬರೆದಳು. ಅದರಲ್ಲಿ ಏನು ಬರೆದಳೆಂಬುದನ್ನು ಇಲ್ಲಿ ಅಚ್ಚುಮಾಡಿಸಲಾರೆ.

ಮತ್ತೆ ಬಟ್ಟೆ ತುಂಬಿದೆವು. ಜಮಖಾನವನ್ನು ಒಂಟಿಯಾಗಿ ಹಾಕಿದರೆ ಒಂದೇ ಕಡೆ ಮುದ್ದೆಯಾಗುತ್ತದೆಂದು ಮಿತ್ರರು ಜೊತೆಗೆ ಎರಡು ಟವೆಲು ಸೇರಿಸಿದರು. ಡ್ರಮ್ಮು ವೇಗ ಹಿಡಿಯಿತು. ಸಣ್ಣಗೆ ಒಂದು ಗುಂಯ್‌ಗುಡುವಿಕೆ, ಅಷ್ಟೆ. ಮೇಲಿಟ್ಟಿದ್ದ ಕಾಫಿಯ ಲೋಟದಲ್ಲಿ ಕಿರಿಯ ಅಲೆಗಳೆದ್ದುವು. ಒಂದು ಹನಿಯೂ ಚೆಲ್ಲಲಿಲ್ಲ.

ಸದ್ದು ಕೇಳದ್ದರಿಂದಲೋ ಏನೋ ಅಮ್ಮ ಬಾಗಿಲಿಗೆ ಬಂದು ನಿಂತಳು. ಹತ್ತಿರ ಬಂದು ಅಭ್ಯಾಸಬಲದಿಂದ ಯಂತ್ರದ ತಲೆಯ ಮೇಲೆ ಅಂಗೈ ಇಟ್ಟು, ಸ್ವಲ್ಪ ಹೊತ್ತು ಹಾಗೆಯೇ ಇದ್ದಳು.

"ಇನ್ನು ನಾನು ಹಿಡಿದುಕೊಳ್ಳೋದು ಬೇಡವೇನೋ?"

"ಬೇಡಮ್ಮ."

ಲೋಟವನ್ನೆತ್ತಿಕೊಂಡು, ಅದರ ಅಡಿಯ ಗುರುತನ್ನು ಸೆರಗಿನಿಂದ ಒರೆಸಿ ಒಳಕ್ಕೆ ಹೋದಳು.