ಬಾಲ ಡೊಂಕಾದರೇನು, ನಡತೆ ಕಲಿಸಬಹುದಲ್ಲ!



‘ನಾಯಿ ಬಾಲ ಡೊಂಕು’ ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ದಬ್ಬೆ ಕಟ್ಟಿದರೂ ಅದು ನೆಟ್ಟಗಾಗದು ಎನ್ನುತ್ತಾರೆ ಹಿರಿಯರು. ಬಾಲದ ಮಟ್ಟಿಗೆ ಈ ಮಾತು ನಿಜ. ಬಾಲದ ಆಕಾರ ತಂದೆತಾಯಿಯಿಂದ ಬಂದದ್ದು, ಅಂದರೆ ಅನುವಂಶೀಯ ಗುಣ. ಆದರೆ ಎಲ್ಲಿ ಮೂತ್ರ ಮಾಡಬೇಕು, ಯಾರನ್ನು ಕಂಡರೆ ಬೊಗಳಬೇಕು, ಕರೆದಾಗ ಬರಬೇಕೋ ಬೇಡವೋ ಎಂಬುದೆಲ್ಲ ಬಹುಮಟ್ಟಿಗೆ ಕಲಿತು ಬರುವಂಥದ್ದು. ಈ ಕಲಿಕೆಗೆ ಹುಟ್ಟಿದ ಮೊದಲ ಮೂರು ನಾಲ್ಕು ತಿಂಗಳು ಬಹಳ ಮುಖ್ಯ. ಆದ್ದರಿಂದ ಯಾವುದಾದರೂ ಸಾಕುನಾಯಿ ಕಂಡಕಂಡವರ ಮೇಲೆ ಬೀಳುತ್ತಿದ್ದರೆ, ಅದನ್ನು ಬೈಯುವ ಮೊದಲು ‘ಮರಿಯಾಗಿದ್ದಾಗ ಇದಕ್ಕೆ ಯಾರು ಏನು ಕಲಿಸಿದರು?’ ಎಂದು ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರು-ಕನಕಪುರ ರಸ್ತೆಯ ಹಾರೋಹಳ್ಳಿ ಕೈಗಾರಿಕಾ ಪ್ರದೇಶವನ್ನೇ ತೆಗೆದುಕೊಳ್ಳಿ. ಒಂದು ಕಡೆ ಕಾರ್ಖಾನೆಗಳು, ಸರಕು ತುಂಬಿದ ಲಾರಿಗಳು, ಪಾಳಿ ಬದಲಾಗುವ ಹೊತ್ತಿಗೆ ಹೆಲ್ಮೆಟ್ ಹಾಕಿಕೊಂಡು ಬರುವ ನೂರಾರು ಜನ. ಇನ್ನೊಂದು ಕಡೆ ಹಳ್ಳಿಮನೆಗಳು, ದನದ ಕೊಟ್ಟಿಗೆಗಳು, ರೇಷ್ಮೆಹುಳು ಸಾಕುವ ಮನೆಗಳು. ಇಂಥ ಊರಿನಲ್ಲಿ ಬೆಳೆಯುವ ನಾಯಿಮರಿ ಇವೆಲ್ಲದರ ನಡುವೆ ಬದುಕಬೇಕು. ಲಾರಿಯ ಹಾರನ್ನಿಗೆ ಬೆದರಿ ರಸ್ತೆಗೆ ಓಡುವ ಮರಿ ಬಹಳ ದಿನ ಉಳಿಯುವುದಿಲ್ಲ. ಹೆಲ್ಮೆಟ್ ಕಂಡೊಡನೆ ಬೆನ್ನಟ್ಟುವ ನಾಯಿಯಿಂದ ರಾತ್ರಿಪಾಳಿ ಮುಗಿಸಿ ಬರುವವರು ಬೈಕಿನಿಂದ ಬೀಳುತ್ತಾರೆ.

ಹಾಗಾದರೆ ಕಲಿಸುವುದು ಯಾವಾಗ? ಮರಿಯ ಕಣ್ಣು ತೆರೆಯುವುದು ಸುಮಾರು ಎರಡು ವಾರಕ್ಕೆ. ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಅದು ತನ್ನ ಸುತ್ತಲಿನ ಜೀವಿಗಳನ್ನೂ ವಸ್ತುಗಳನ್ನೂ ‘ಇವು ನಮ್ಮವು, ಹೆದರಬೇಕಾಗಿಲ್ಲ’ ಎಂದು ಅರಿತುಕೊಳ್ಳುವ ಕಾಲ. ಅಮೆರಿಕದ ವಿಜ್ಞಾನಿಗಳಾದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಹಲವು ವರ್ಷ ನಾಯಿಮರಿಗಳನ್ನು ಗಮನಿಸಿ, 1965ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ವಿಷಯವನ್ನು ವಿವರಿಸಿದ್ದಾರೆ. ಈ ವಾರಗಳಲ್ಲಿ ಮನುಷ್ಯರನ್ನೇ ಕಾಣದೆ ಬೆಳೆದ ಮರಿ ಮುಂದೆ ಮನುಷ್ಯರಿಗೆ ಹೆದರುತ್ತದೆ. ಹೆದರಿದ ನಾಯಿ ಕಚ್ಚುತ್ತದೆ.

ಆದ್ದರಿಂದ ಮರಿ ಮನೆಗೆ ಬಂದ ಮೇಲೆ ಮುದುಕರು, ಮಕ್ಕಳು, ಹೆಲ್ಮೆಟ್ ಹಾಕಿದವರು, ದನ, ಕೋಳಿ, ಲಾರಿಯ ಸದ್ದು, ಕಾರ್ಖಾನೆಯ ಸೈರನ್ ಎಲ್ಲವನ್ನೂ ದೂರದಿಂದ, ಸ್ವಲ್ಪ ಸ್ವಲ್ಪವಾಗಿ ಪರಿಚಯಿಸಿ. ಲಸಿಕೆಗಳು ಮುಗಿಯುವವರೆಗೆ ಬೇರೆ ನಾಯಿಗಳು ಓಡಾಡುವ ಜಾಗದಲ್ಲಿ ಅದನ್ನು ನೆಲಕ್ಕೆ ಬಿಡಬೇಡಿ. ಎತ್ತಿಕೊಂಡೇ ತೋರಿಸಿ.

ಕಲಿಸುವುದು ಹೇಗೆ? ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೊವ್ ಅವರ ಹೆಸರನ್ನು ಮುಂದಿನ ತರಗತಿಗಳಲ್ಲಿ ಓದುತ್ತೀರಿ. ಜೀರ್ಣಕ್ರಿಯೆಯ ಅಧ್ಯಯನಕ್ಕಾಗಿ 1904ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು ಅವರು. ಊಟಕ್ಕೆ ಮುಂಚೆ ಪ್ರತಿಸಲವೂ ಒಂದು ಸದ್ದು ಕೇಳಿಸಿದರೆ, ಕೆಲವು ದಿನಗಳಲ್ಲಿ ಆ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆ ಎಂದು ಅವರು ತೋರಿಸಿದರು. ಒಂದರ ಹಿಂದೆಯೇ ಇನ್ನೊಂದು ಬಂದರೆ ನಾಯಿ ಅವೆರಡನ್ನೂ ಜೋಡಿಸಿಕೊಳ್ಳುತ್ತದೆ ಎಂದಾಯಿತು. ‘ಬಾ’ ಎಂದು ಕರೆಯಿರಿ. ಬಂದೊಡನೆ ಕಡಲೆಕಾಳಿನಷ್ಟು ರಾಗಿಮುದ್ದೆಯನ್ನೋ ಬೇಯಿಸಿದ ಮೊಟ್ಟೆಯ ಚೂರನ್ನೋ ಕೊಡಿ, ತಲೆ ಸವರಿ. ಮರಿ ‘ಬಾ’ ಎಂಬುದನ್ನು ಬೇಗ ಕಲಿಯುತ್ತದೆ. ಕರೆದು ಹೊಡೆದರೋ, ‘ಬಾ’ ಎಂದರೆ ಏಟು ಎಂಬುದನ್ನೂ ಅಷ್ಟೇ ಬೇಗ ಕಲಿಯುತ್ತದೆ! ಆಮೇಲೆ ಲಾರಿ ಬರುವಾಗ ನೀವು ಎಷ್ಟು ಕೂಗಿದರೂ ಅದು ನಿಮ್ಮ ಕಡೆ ಓಡಿಬರುವುದಿಲ್ಲ.

ಮನೆಯೊಳಗೆ ಗಲೀಜು ಮಾಡಿದರೆ ಮರಿಯ ಮೂತಿಯನ್ನು ಅದಕ್ಕೇ ಉಜ್ಜುವವರಿದ್ದಾರೆ. ಇದರಿಂದ ಏನೂ ಪ್ರಯೋಜನವಿಲ್ಲ. ಬಹಳ ಹೊತ್ತಿನ ಹಿಂದೆ ಮಾಡಿದ ಕೆಲಸಕ್ಕೂ ಈಗಿನ ಶಿಕ್ಷೆಗೂ ಇರುವ ಸಂಬಂಧ ಅದಕ್ಕೆ ಗೊತ್ತಾಗುವುದಿಲ್ಲ. ಎಳೆಯ ಮರಿಗೆ ಮೂತ್ರವನ್ನು ಹೆಚ್ಚು ಹೊತ್ತು ತಡೆದುಕೊಳ್ಳುವ ಶಕ್ತಿಯೂ ಇರುವುದಿಲ್ಲ. ನಿದ್ದೆಯಿಂದ ಎದ್ದಾಗ, ಉಂಡ ಮೇಲೆ, ಆಡಿದ ಮೇಲೆ ಪ್ರತಿಸಲವೂ ಹೊರಗೆ ಒಂದೇ ಜಾಗಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಮಾಡಿದೊಡನೆ ತಲೆ ಸವರಿ. ಉಂಡ ಸಮಯ, ಮೂತ್ರ ಮಾಡಿದ ಸಮಯ ಎರಡನ್ನೂ ಒಂದು ವಾರ ನೋಟ್‌ಪುಸ್ತಕದಲ್ಲಿ ಬರೆದಿಡಿ. ನಿಮ್ಮ ಮರಿಯ ವೇಳಾಪಟ್ಟಿ ನಿಮಗೇ ತಿಳಿಯುತ್ತದೆ. ಇದೂ ಒಂದು ವಿಜ್ಞಾನ ಪ್ರಯೋಗವೇ.

ಇನ್ನು ಕಚ್ಚುವ ಚಾಳಿ. ಮರಿಯ 28 ಹಾಲುಹಲ್ಲುಗಳು ಉದುರಿ 42 ಶಾಶ್ವತ ಹಲ್ಲುಗಳು ಬರುವ ಕಾಲದಲ್ಲಿ, ಅಂದರೆ ನಾಲ್ಕರಿಂದ ಏಳು ತಿಂಗಳವರೆಗೆ, ಅದಕ್ಕೆ ಏನಾದರೂ ಅಗಿಯಲೇಬೇಕು. ಗಂಟುಹಾಕಿದ ದಪ್ಪ ಬಟ್ಟೆ ಕೊಡಿ. ನಿಮ್ಮ ಕೈಯನ್ನೇ ಕಚ್ಚಿದರೆ ಆಟ ನಿಲ್ಲಿಸಿ ಎದ್ದುಹೋಗಿ. ಕಚ್ಚಿದರೆ ಆಟ ಮುಗಿಯಿತು ಎಂದು ಅದು ತಾನೇ ಕಲಿಯುತ್ತದೆ.

‘ಇಷ್ಟೆಲ್ಲ ಮುದ್ದು ಮಾಡಿದರೆ ಕಾವಲು ಕಾಯುವುದು ಹೇಗೆ? ಸದಾ ಕಟ್ಟಿಹಾಕಿ, ನಾಲ್ಕು ಏಟು ಕೊಟ್ಟರೇ ನಾಯಿ ಚುರುಕಾಗುವುದು’ ಎಂದು ದೊಡ್ಡವರು ಕೇಳಬಹುದು. ಕಳ್ಳಕಾಕರ ಭಯ ಇರುವ ಕಡೆ ಕಾವಲುನಾಯಿ ಬೇಕು, ಒಪ್ಪೋಣ. ಆದರೆ ಕಾವಲು ಎಂದರೆ ಮನೆಯವರು ಯಾರು, ಹೊರಗಿನವರು ಯಾರು ಎಂದು ಗುರುತಿಸಿ ಬೊಗಳುವುದು. ದಿನವಿಡೀ ಸರಪಳಿಯಲ್ಲಿದ್ದು ಪೆಟ್ಟು ತಿಂದ ನಾಯಿಗೆ ಆ ವ್ಯತ್ಯಾಸವೇ ತಿಳಿಯದು. ಹಾಲಿನವರಿಗೂ ಅಂಚೆಯವರಿಗೂ ಪಕ್ಕದ ಮನೆಯ ಮಗುವಿಗೂ ಅದು ಬಾಯಿ ಹಾಕುತ್ತದೆ. ನಮ್ಮ ರಾಜ್ಯದ ಹೆಮ್ಮೆಯ ಮುಧೋಳ ನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. 2016ರಲ್ಲಿ ಸೇನೆ ಆ ತಳಿಯ ಮರಿಗಳನ್ನು ಮೀರತ್‌ಗೆ ಕರೆದೊಯ್ದು ತರಬೇತಿ ಕೊಡತೊಡಗಿತು. ಅಷ್ಟು ಹೆಸರಾದ ತಳಿಗೂ ಕಲಿಕೆ ಬೇಕು. ಹಾಗಿರುವಾಗ ನಮ್ಮ ನಾಟಿಮರಿಗೆ ಬೇಡವೇ?

ಕೊನೆಯದಾಗಿ ಮೂರು ಮಾತು. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬೇರೆ ಮಾಡಬೇಡಿ. ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬ ಮೊದಲ ಪಾಠವನ್ನು ಅದು ತಾಯಿ ಮತ್ತು ಒಡಹುಟ್ಟಿದ ಮರಿಗಳಿಂದಲೇ ಕಲಿಯುವುದು.

ಎರಡನೆಯದು, ಮೂರು ತಿಂಗಳಾಗುತ್ತಲೇ ಪಶು ಆಸ್ಪತ್ರೆಗೆ ಕರೆದೊಯ್ದು ರೇಬಿಸ್ ಲಸಿಕೆ ಹಾಕಿಸಿ. ಯಾವುದೇ ನಾಯಿ ಕಚ್ಚಿದರೂ ಪರಚಿದರೂ ‘ಮರಿ ತಾನೇ’ ಎಂದು ಮುಚ್ಚಿಡಬೇಡಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಕೂಡಲೇ ಮನೆಯವರಿಗೆ ಹೇಳಿ ಆಸ್ಪತ್ರೆಗೆ ಹೋಗಿ. ರೇಬಿಸ್ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ತೀರಾ ವಿರಳ. ಸಮಯಕ್ಕೆ ಸರಿಯಾಗಿ ಲಸಿಕೆ ಪಡೆದರೆ ರೋಗ ಬರದಂತೆ ತಡೆಯಬಹುದು.

ಮೂರನೆಯದು, ನಾಯಿ ಹತ್ತು ಹನ್ನೆರಡು ವರ್ಷ ಬದುಕುವ ಪ್ರಾಣಿ. ಮುದ್ದಾಗಿದೆ ಎಂದು ತಂದು, ಬೆಳೆದ ಮೇಲೆ ಕಾರ್ಖಾನೆಯ ರಸ್ತೆಗೆ ಬಿಟ್ಟುಬರುವುದು ಅದಕ್ಕೂ ಅನ್ಯಾಯ, ಆ ದಾರಿಯಲ್ಲಿ ನಡೆಯುವವರಿಗೂ ಅಪಾಯ. ಅಷ್ಟು ವರ್ಷ ಸಾಕಲು ಮನೆಯವರೆಲ್ಲ ಒಪ್ಪಿದ್ದಾರೆಯೇ ಎಂದು ಮೊದಲು ಕೇಳಿ. ಒಪ್ಪಿದ ಮೇಲೆಯೇ ಮರಿಯನ್ನು ತನ್ನಿ. ತಂದ ದಿನದಿಂದಲೇ ಕಲಿಸಲು ತೊಡಗಿ.