ಸಿ.ಡಿ. ಪ್ಲೇಯರ್ ಗುಜರಿಗೆ ಹಾಕಬ್ಯಾಡ್ರಿ! (ಹಳೇ ಸಾಮಾನು, ಭಾಗ 4)

ದೋಸ್ತರ, ಹಳೇ ಸಿ.ಡಿ. ಪ್ಲೇಯರ್ ಮುಂದ ನಿಂತು 'ವಿಂಟೇಜ್' ಅಂತ ರೀಲ್ಸ್ ಮಾಡೋರಿಗೂ, ಅದನ್ನ ಕಿಲೋ ಲೆಕ್ಕದಾಗ ಗುಜರಿಗೆ ಹಾಕೋರಿಗೂ ಒಂದ ಮಾತು. ಅದು ಶೋಕೇಸ್ ಸಾಮಾನೂ ಅಲ್ಲ, ಕಸಾನೂ ಅಲ್ಲ. ಅದು ನಿಮ್ಮ ಮನಿ ಆಸ್ತಿ.

ಬಿಕಾಂ ಮಂದಿ ನಾವು, ಲೆಕ್ಕದಾಗ ಮಾತಾಡೋಣ. ತಿಂಗಳಾ ರೊಕ್ಕ ಕಟ್ಟಿ ಆ್ಯಪ್‌ನಾಗ ಹಾಡು ಕೇಳೋದು ಅಂದ್ರ ಬಾಡಿಗಿ ಕಟ್ಟಿದಂಗ. ಅದು ಖರ್ಚಿನ ಖಾತೆಗೆ ಹೋಗತೈತಿ, ಆಸ್ತಿ ಕಡೆ ಏನೂ ಉಳಿಯಂಗಿಲ್ಲ. 2023ರ ಮಾರ್ಚ್‌ನಾಗ ಝೀ ಮ್ಯೂಸಿಕ್ ಜೊತೆ ಒಪ್ಪಂದ ಕೂಡಲಿಲ್ಲ ಅಂತ ಎಷ್ಟೋ ಹಿಂದಿ ಹಾಡು ಸ್ಪಾಟಿಫೈನಿಂದ ಮಾಯ ಆದ್ವು. 2024ರಾಗ ವಿಂಕ್ ಆ್ಯಪ್ ಬಾಗಲಾ ಹಾಕ್ತು. ನಿಮ್ಮನ್ನ ಯಾರರ ಕೇಳಿದ್ರೇನು? ರೊಕ್ಕ ಕೊಟ್ಟು ತಂದ ಸಿ.ಡಿ. ಮಾತ್ರ ಕಪಾಟಿನಾಗ ಹಂಗ ಐತಿ.

👉 ಮಷೀನೂ ಸಣ್ಣದಲ್ಲ. ಮಾರಾಟಕ್ಕ ಬಂದ ಮೊದಲ ಸಿ.ಡಿ. ಪ್ಲೇಯರ್ ಸೋನಿ ಸಿಡಿಪಿ-101. 1982ರ ಅಕ್ಟೋಬರ್ 1ಕ್ಕ ಜಪಾನ್‌ನಾಗ ಬಂತು. ಸಿ.ಡಿ.ಯೊಳಗ ದನಿಯನ್ನ ಸೆಕೆಂಡಿಗೆ 44,100 ಸಲ ಅಳೆದು ಅಂಕಿ ಮಾಡಿ ಇಟ್ಟಿರ್ತಾರ. ಸುಮಾರು 2.5 ಮಿ.ಮೀ. ಉದ್ದ ಗೀರು ಬಿದ್ರೂ ಕಳಕೊಂಡ ಅಂಕಿಗಳನ್ನ ಪ್ಲೇಯರ್ ಲೆಕ್ಕ ಹಾಕಿ ತುಂಬತೈತಿ. ಎಷ್ಟೋ ಪ್ಲೇಯರ್‌ನಾಗ ಎ-ಬಿ ರಿಪೀಟ್ ಬಟನ್ ಇರತೈತಿ. ಒಂದು ಆಲಾಪದ ತುದಿ ಹಿಡಿದು ಹತ್ತು ಸಲ ಕೇಳ್ರಿ, ಹಾರ್ಮೋನಿಯಂ ಕಲಿಯೋರಿಗೆ ಅದ ಗುರು. ನೋಟಿಫಿಕೇಶನ್ ಇಲ್ಲ, ಜಾಹೀರಾತು ಇಲ್ಲ.

👉 "ಎಲ್ಲಾ ಯೂಟ್ಯೂಬ್‌ನಾಗ ಐತಲ್ಲ" ಅಂತೀರಿ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಾಗ ಹುಟ್ಟಿದ ಸಿದ್ಧೇಶ್ವರ ಅಪ್ಪೋರು 2023ರ ಜನವರಿ 2ಕ್ಕ ನಮ್ಮನ್ನ ಅಗಲಿದ್ರು. ಅವರ ಪ್ರವಚನ ಯೂಟ್ಯೂಬ್‌ನಾಗ ಸಿಗತಾವ, ಖರೆ. ಆದ್ರ ನಿಮ್ಮೂರ ಭಜನಿ ಮೇಳದವರು ಬರೆಸಿಕೊಂಡ ಸಿ.ಡಿ.? ಅಜ್ಜ ಹಾಡಿದ ತತ್ವಪದ? ಮನ್ಯಾಗಿನ ಆ ಒಂದ ಪ್ರತಿ ಹೋತಂದ್ರ ಆ ದನಿನೂ ಹೋತು. ಬಬಲೇಶ್ವರದಾಗ ಇರ್ರಿ, ವಿಜಯಪುರ ಸಿಟಿಯಾಗ ಇರ್ರಿ, ಅದನ್ನ ಯಾವ ಕಂಪನಿನೂ ಕಾಯಂಗಿಲ್ಲ.

ಅದಕ್ಕ ಈ ರವಿವಾರ ಇಷ್ಟು ಮಾಡ್ರಿ:
✅ ಟ್ರೇ ಹೊರಗ ಬರವಲ್ದಂದ್ರ ಬಹಳ ಸಲ ಒಳಗಿನ ರಬ್ಬರ್ ಬೆಲ್ಟ್ ಸಡಿಲಾಗಿರತೈತಿ. ರಿಪೇರಿ ಅಂಗಡಿಯಾಗ ತೋರಿಸ್ರಿ, ಸತ್ತೈತಿ ಅನಬ್ಯಾಡ್ರಿ.
✅ ಎಂಪಿ3 ತುಂಬಿದ ಡಿಸ್ಕ್ ಬಹಳ ಹಳೇ ಪ್ಲೇಯರ್ ಓದಂಗಿಲ್ಲ. ಅದು ಮಷೀನಿನ ತಪ್ಪಲ್ಲ.
✅ ಮನ್ಯಾಗ, ಅಂಗಡಿಯಾಗ ಬರೆಸಿದ ಸಿ.ಡಿ.ಗೆ ಆಯುಷ್ಯ ಕಡಿಮಿ. ಮೊದಲ ಅವನ್ನ ಕಂಪ್ಯೂಟರಿಗೆ ಇಳಿಸಿ, ಎರಡು ಕಡೆ ಇಡ್ರಿ.

ಬಾಡಿಗಿ ಮನ್ಯಾಗ ಇರ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಸ್ವಂತ ಮನಿ ಕೆಡವಬ್ಯಾಡ್ರಿ.

ನಿಮ್ಮ ಕಪಾಟಿನಾಗ ಯಾವ ಸಿ.ಡಿ. ಐತಿ? ಕೆಳಗ ಬರೀರಿ 👇

#ಹಳೇಸಾಮಾನು #ಸಿಡಿಪ್ಲೇಯರ್ #ವಿಜಯಪುರ #ತಿಕೋಟಾ #ಬಬಲೇಶ್ವರ